ನಡುಕ ರಕ್ತದಲ್ಲಿ ಬರುತ್ತದೆಯೇ? ಪಾರ್ಕಿನ್ಸನ್ ಕಾಯಿಲೆಯ ವಂಶವಾಹಿ ಹುಡುಕಿದ ಇನ್ನೂರು ವರ್ಷ

ಊರಿನಲ್ಲಿ ಅಪ್ಪನಿಗೋ ಅಮ್ಮನಿಗೋ ಪಾರ್ಕಿನ್ಸನ್ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ, ಇಲ್ಲಿ ದುಡಿಯುತ್ತಿರುವ ಮಕ್ಕಳು ನಮ್ಮಂಥವರ ಹತ್ತಿರ ಕೇಳುವ ಪ್ರಶ್ನೆಗಳು ಎರಡು. ಮೊದಲನೆಯದನ್ನು ಗಟ್ಟಿಯಾಗಿಯೇ ಕೇಳುತ್ತಾರೆ: ಇದಕ್ಕೆ ಒಳ್ಳೆಯ ಮದ್ದು ಯಾವುದು? ಎರಡನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: ಇದು ನಮಗೂ ಬರುತ್ತದಾ? ಮನೆಯಲ್ಲಿ ಮದುವೆಯ ವಯಸ್ಸಿನ ಮಗಳೋ ತಂಗಿಯೋ ಇದ್ದರೆ ಮೂರನೆಯ ಪ್ರಶ್ನೆಯೂ ಒಂದಿರುತ್ತದೆ. ಅದನ್ನು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಸಂಬಂಧ ನೋಡಲು ಬಂದವರಿಗೆ ಹೇಳಬೇಕೋ, ಮುಚ್ಚಿಡಬೇಕೋ?

ನಾನು ಡಾಕ್ಟರಲ್ಲ. ಡಿ.ಫಾರ್ಮಾ ಓದಿ, ಆಸ್ಪತ್ರೆಯ ಔಷಧ ವಿಭಾಗದಲ್ಲಿ ವರ್ಷಗಟ್ಟಲೆ ಚೀಟಿ ನೋಡಿ ಮದ್ದು ಕೊಟ್ಟವನು. ಮೊದಲ ಪ್ರಶ್ನೆಗೆ ಉತ್ತರ ಡಾಕ್ಟರ ಚೀಟಿಯಲ್ಲೇ ಇರುತ್ತದೆ. ಎರಡನೆಯದಕ್ಕೆ ಉತ್ತರ ಬೇಕಿದ್ದರೆ ಸ್ವಲ್ಪ ಇತಿಹಾಸ ತಿಳಿಯಬೇಕು. ಈ ಕಾಯಿಲೆ ವಂಶದಲ್ಲಿ ಬರುವುದೇ ಅಲ್ಲವೇ ಎಂಬ ವಾದ ಇನ್ನೂರು ವರ್ಷ ತಕ್ಕಡಿಯಂತೆ ಅತ್ತಿತ್ತ ತೂಗಿದೆ. ಆ ಕಥೆಯಲ್ಲಿ ಲಂಡನ್, ಇಟಲಿ, ಜಪಾನ್ ಬರುತ್ತವೆ. ನಮ್ಮ ಬೆಂಗಳೂರು ಬರುತ್ತದೆ. ನಮಗೆ ಅನ್ನ ಕೊಟ್ಟ ಈ ಅರಬ್ ನಾಡೂ ಬರುತ್ತದೆ.

ಬೀದಿಯಲ್ಲಿ ಕಂಡ ರೋಗಿಗಳು

1817ರಲ್ಲಿ ಲಂಡನ್ನಿನಲ್ಲಿ 66 ಪುಟಗಳ ಒಂದು ಚಿಕ್ಕ ಪುಸ್ತಕ ಅಚ್ಚಾಯಿತು. ಬರೆದವರು ಜೇಮ್ಸ್ ಪಾರ್ಕಿನ್ಸನ್. ಹಾಕ್ಸ್‌ಟನ್ ಎಂಬಲ್ಲಿ ಇದ್ದ ಇವರು ವೃತ್ತಿಯಲ್ಲಿ ಅಪಾತಿಕರಿ. ಆ ಕಾಲದಲ್ಲಿ ಹಾಗೆಂದರೆ ರೋಗಿಯನ್ನು ನೋಡುವವರೂ ಅವರೇ, ಮದ್ದು ತಯಾರಿಸಿ ಕೊಡುವವರೂ ಅವರೇ. ನಮ್ಮ ಔಷಧ ವೃತ್ತಿಯವರಿಗೆ ಒಂದು ರೀತಿಯಲ್ಲಿ ಹಿರಿಯರು.

ಪುಸ್ತಕದಲ್ಲಿ ಅವರು ವರ್ಣಿಸಿದ್ದು ಆರೇ ಆರು ಜನರನ್ನು. ಅವರಲ್ಲಿ ಕೆಲವರು ಇವರ ರೋಗಿಗಳೂ ಅಲ್ಲ, ಬೀದಿಯಲ್ಲಿ ಕಂಡವರು. ಸುಮ್ಮನೆ ಕುಳಿತಿದ್ದಾಗ ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ನಡೆಯಹೊರಟರೆ ತಡೆಯಲಾಗದೆ ಓಡಿದಂತೆ ಆಗುವ ಹೆಜ್ಜೆ. ಇಷ್ಟನ್ನು ಕಣ್ಣಿನಿಂದಲೇ ನೋಡಿ ಅವರು ಬರೆದ ವಿವರಣೆ ಇಂದಿಗೂ ಹಳತಾಗಿಲ್ಲ. 1824ರಲ್ಲಿ ತೀರಿಕೊಂಡಾಗ ಈ ಕಾಯಿಲೆಗೆ ಅವರ ಹೆಸರು ಇರಲಿಲ್ಲ. ಸುಮಾರು ಅರ್ಧ ಶತಮಾನದ ನಂತರ ಪ್ಯಾರಿಸ್ಸಿನ ನರರೋಗ ತಜ್ಞ ಷಾರ್ಕೊ, ಇದನ್ನು ಪಾರ್ಕಿನ್ಸನ್ ಕಾಯಿಲೆ ಎಂದೇ ಕರೆಯೋಣ ಎಂದರು.

ಕಾಯಿಲೆ ಏಕೆ ಬರುತ್ತದೆ ಎಂದು ಪಾರ್ಕಿನ್ಸನ್ನರಿಗೆ ಗೊತ್ತಿರಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಂ ಗವರ್ಸ್ ತನ್ನ ರೋಗಿಗಳ ಮನೆಯವರನ್ನೂ ವಿಚಾರಿಸಿದರು. ನೂರಕ್ಕೆ ಹದಿನೈದರಷ್ಟು ರೋಗಿಗಳ ಮನೆಯಲ್ಲಿ ಇನ್ನೊಬ್ಬರಿಗೂ ಇದೇ ಕಾಯಿಲೆ ಇತ್ತು. ಆಗಲೇ ಸುಳಿವು ಸಿಕ್ಕಿತ್ತು. ಆದರೆ ನೂರರಲ್ಲಿ ಎಂಬತ್ತೈದು ಮಂದಿಗೆ ಹಾಗಿರಲಿಲ್ಲವಾದ್ದರಿಂದ ಆ ಮಾತು ಹಾಗೆಯೇ ಬದಿಗೆ ಸರಿಯಿತು.

ಎರಡು ಗಿಡ, ಒಂದು ಅವರೆಯಂಥ ಕಾಳು

ವಂಶದ ಪ್ರಶ್ನೆ ಬದಿಗಿದ್ದಾಗ ಮದ್ದಿನ ಹುಡುಕಾಟ ಮುಂದೆ ಹೋಯಿತು. ಇದರಲ್ಲಿ ನಮ್ಮ ನೆಲದ ಎರಡು ಗಿಡಗಳ ಪಾಲಿದೆ.

ಒಂದು ನಸುಗುನ್ನಿ. ಕಾಯಿ ಮೈಗೆ ತಾಗಿದರೆ ತುರಿಸಿ ಸಾಕಾಗುವ ಬಳ್ಳಿ, ಬೇಲಿಯ ಹತ್ತಿರ ಓಡಾಡಿದವರಿಗೆಲ್ಲ ಗೊತ್ತು. ಆಯುರ್ವೇದದಲ್ಲಿ ಇದಕ್ಕೆ ಕಪಿಕಚ್ಛು, ಆತ್ಮಗುಪ್ತ ಎಂಬ ಹೆಸರುಗಳಿವೆ. ಕಂಪವಾತ ಎಂದು ವೈದ್ಯರು ಕರೆಯುವ ನಡುಕದ ಕಾಯಿಲೆಗೆ ಇದರ ಬೀಜ ಬಳಕೆಯಲ್ಲಿದೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಈ ಬೀಜದಿಂದ ಲೆವೊಡೋಪಾ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೂ ಮೊದಲು, 1913ರಲ್ಲಿ, ಸ್ವಿಟ್ಜರ್ಲೆಂಡಿನ ಗುಗೆನ್‌ಹೈಮ್ ಅದೇ ವಸ್ತುವನ್ನು ಫಾವಾ ಕಾಳಿನಿಂದ ತೆಗೆದಿದ್ದರು. ಹೇಗಿದೆ ನೋಡೋಣವೆಂದು ತಾವೇ ಎರಡೂವರೆ ಗ್ರಾಂ ನುಂಗಿ ವಾಂತಿ ಮಾಡಿಕೊಂಡರು. ಈ ಫಾವಾ ಕಾಳು ಬೇರೆ ಯಾವುದೂ ಅಲ್ಲ. ದುಬೈ, ಅಬುಧಾಬಿಯ ಕೆಫೆಟೇರಿಯಾಗಳಲ್ಲಿ ಬೆಳಗ್ಗೆ ಖುಬೂಸಿನ ಜೊತೆ ಸಿಗುವ ಫೂಲ್ ಮಾಡುವ ಕಾಳೇ ಅದು.

ಇನ್ನೊಂದು ಗಿಡ ಸರ್ಪಗಂಧ. ಇದರಿಂದ ಬರುವ ರಿಸರ್ಪಿನ್ ಎಂಬ ಮದ್ದನ್ನು 1950ರ ದಶಕದಲ್ಲಿ ರಕ್ತದೊತ್ತಡಕ್ಕೆ ಲೋಕವೆಲ್ಲ ಬಳಸುತ್ತಿತ್ತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಮೊಲಗಳು ಕೊರಡಿನಂತೆ ಬಿದ್ದುಕೊಂಡವು. ಲೆವೊಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದರೆ ಚಲನೆ ನಿಲ್ಲುತ್ತದೆ ಎಂದು ಇದರಿಂದ ತಿಳಿಯಿತು. 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

1960ರಲ್ಲಿ ವಿಯೆನ್ನಾದಲ್ಲಿ ತೀರಿಹೋದ ರೋಗಿಗಳ ಮೆದುಳು ಪರೀಕ್ಷಿಸಿದಾಗ ಡೋಪಮಿನ್ ಬಹಳ ಕಡಿಮೆ ಇರುವುದು ಕಂಡಿತು. 1967ರಲ್ಲಿ ಅಮೆರಿಕದ ಕೋಟ್ಜಿಯಾಸ್, ಲೆವೊಡೋಪಾವನ್ನು ಬಾಯಿಯ ಮೂಲಕ ನಿಧಾನವಾಗಿ ಹೆಚ್ಚಿಸುತ್ತ ಕೊಟ್ಟು, ಹಾಸಿಗೆ ಹಿಡಿದವರನ್ನು ನಡೆಸಿದರು. ಇಂದು ಊರಿನಲ್ಲಿ ಸಿಂಡೋಪಾ, ಇಲ್ಲಿ ಸಿನೆಮೆಟ್, ಮ್ಯಾಡೋಪಾರ್ ಎಂದು ಸಿಗುವ ಮಾತ್ರೆಗಳಲ್ಲಿ ಇರುವುದು ಇದೇ ಲೆವೊಡೋಪಾ. ಜೊತೆಗೆ ಆ ವಾಂತಿಯನ್ನು ತಡೆಯಲು ಇನ್ನೊಂದು ಔಷಧ ಸೇರಿದೆ, ಅಷ್ಟೇ.

ಮದ್ದು ಸಿಕ್ಕಿತು. ಆದರೆ ಡೋಪಮಿನ್ ತಯಾರಿಸುವ ನರಕೋಶಗಳು ಏಕೆ ಸಾಯುತ್ತವೆ? ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿನ ಕೋಶಗಳು ಸಾಯುತ್ತವೆ, ಸಾಯುವ ಮೊದಲು ಅವುಗಳೊಳಗೆ ಲೂಯಿ ಕಣ ಎಂಬ ಗಂಟು ಕಟ್ಟುತ್ತದೆ ಎಂದಷ್ಟೇ 1920ರ ಹೊತ್ತಿಗೆ ಗೊತ್ತಾಗಿತ್ತು.

ತಕ್ಕಡಿ ಒಂದು ಕಡೆಗೆ ವಾಲಿತು

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ರಾತ್ರಿ ಬೆಳಗಾಗುವುದರೊಳಗೆ ಮುದುಕರಂತೆ ಸೆಟೆದುಕೊಂಡು ಆಸ್ಪತ್ರೆಗೆ ಬಂದರು. ಕಳ್ಳದಾರಿಯಲ್ಲಿ ತಯಾರಾದ ಮಾದಕವಸ್ತು ಚುಚ್ಚಿಕೊಂಡಿದ್ದರು. ಅದರಲ್ಲಿ ಎಂಪಿಟಿಪಿ ಎಂಬ ವಿಷ ಬೆರೆತಿತ್ತು. ಆ ವಿಷ ನೇರವಾಗಿ ಆ ಕಪ್ಪು ಭಾಗದ ಕೋಶಗಳನ್ನೇ ಕೊಲ್ಲುತ್ತಿತ್ತು. ಅಂದ ಮೇಲೆ ಕಾಯಿಲೆ ಹೊರಗಿನಿಂದ ಬರುತ್ತದೆ, ಗಾಳಿ, ನೀರು, ಕೀಟನಾಶಕ ಇಂಥದ್ದರಿಂದ ಬರುತ್ತದೆ ಎಂಬ ಅಭಿಪ್ರಾಯ ಬಲವಾಯಿತು.

ಮರುವರ್ಷವೇ ಅವಳಿಗಳ ಅಧ್ಯಯನವೊಂದು ಪ್ರಕಟವಾಯಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿ ಒಂದೇ. ಕಾಯಿಲೆ ವಂಶದ್ದಾದರೆ ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೂ ಬರಬೇಕು. ಅಂಥ 43 ಜೋಡಿಗಳನ್ನು ನೋಡಿದಾಗ ಇಬ್ಬರಿಗೂ ಖಚಿತವಾಗಿ ಕಾಯಿಲೆ ಇದ್ದ ಜೋಡಿ ಒಂದೇ ಒಂದು. ಪಠ್ಯಪುಸ್ತಕಗಳು ತೀರ್ಪು ಕೊಟ್ಟವು: ಪಾರ್ಕಿನ್ಸನ್ ವಂಶಪಾರಂಪರ್ಯದ ಕಾಯಿಲೆ ಅಲ್ಲ.

ವಲಸೆ ಹೋದವರ ವಂಶಾವಳಿ

ಆ ತೀರ್ಪನ್ನು ಅಲುಗಿಸಿದ್ದು ನಮ್ಮ ಹಾಗೆ ಹೊಟ್ಟೆಪಾಡಿಗೆ ಊರು ಬಿಟ್ಟವರ ಒಂದು ಕುಟುಂಬ. ದಕ್ಷಿಣ ಇಟಲಿಯ ಸಲೆರ್ನೊ ಪ್ರಾಂತ್ಯದಲ್ಲಿ ಕಾಂತುರ್ಸಿ ಎಂಬ ಸಣ್ಣ ಊರಿದೆ. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ನ್ಯೂಜೆರ್ಸಿಯ ಡಾಕ್ಟರುಗಳಾದ ಲಾರೆನ್ಸ್ ಗೋಲ್ಬ್ ಮತ್ತು ರೋಜರ್ ಡುವೊಯ್ಸಿನ್ ಅವರ ಬಳಿ ಪಾರ್ಕಿನ್ಸನ್ ಚಿಕಿತ್ಸೆಗೆ ಬರುತ್ತಿದ್ದರು. ಬೇರೆ ಬೇರೆ ಮನೆಯವರು, ಆದರೆ ಹಿರಿಯರ ಊರು ಒಂದೇ. ಡಾಕ್ಟರುಗಳು ಕುಟುಂಬದ ಬೇರು ಹುಡುಕುತ್ತ ಇಟಲಿಯವರೆಗೆ ಹೋದರು. ಅದೆಲ್ಲ ಒಂದೇ ಮನೆತನ ಎಂದು ಗೊತ್ತಾಯಿತು. ಒಂದರ ಹಿಂದೆ ಒಂದು ತಲೆಮಾರಿನಲ್ಲಿ ಕಾಯಿಲೆ ಕಾಣಿಸಿತ್ತು. ಅದೂ ಸಾಮಾನ್ಯವಾಗಿ ಬರುವ ಅರವತ್ತರ ವಯಸ್ಸಿಗಲ್ಲ, ನಲವತ್ತರ ನಡುವಿನಲ್ಲಿ.

1990ರಲ್ಲಿ ಈ ಕುಟುಂಬದ ವಿವರ ಪ್ರಕಟವಾಯಿತು. 1996ರಲ್ಲಿ ದೋಷ ನಾಲ್ಕನೇ ವರ್ಣತಂತುವಿನಲ್ಲಿದೆ ಎಂದು ಗೊತ್ತಾಯಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪಾಲಿಮೆರೊಪೌಲೋಸ್ ಮತ್ತು ಜೊತೆಗಾರರು ವಂಶವಾಹಿಯನ್ನೇ ಹಿಡಿದರು. ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಸೂಚನೆ ಬರೆದಿರುವ ವಂಶವಾಹಿ ಅದು. ಒಂದೇ ಒಂದು ಅಕ್ಷರ ತಪ್ಪಾಗಿತ್ತು.

ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಇನ್ನೊಂದು ಸುದ್ದಿ ಬಂತು. ಮರಿಯಾ ಗ್ರಾಜಿಯಾ ಸ್ಪಿಲಾಂಟಿನಿ ಮತ್ತು ಸಂಗಡಿಗರು ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ, ಎಂದರೆ ಮನೆಯಲ್ಲಿ ಬೇರೆ ಯಾರಿಗೂ ಕಾಯಿಲೆ ಇಲ್ಲದವರ, ಮೆದುಳಿನ ಲೂಯಿ ಕಣಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ತುಂಬಿದ್ದದ್ದು ಅದೇ ಆಲ್ಫಾ ಸಿನ್ಯೂಕ್ಲಿನ್! ಒಂದು ಹಳ್ಳಿಯ ಮನೆತನದ ದೋಷವು ಲೋಕದ ಎಲ್ಲ ರೋಗಿಗಳ ಮೆದುಳಿನಲ್ಲಿ ಏನಾಗುತ್ತಿದೆ ಎಂಬುದನ್ನು ತೋರಿಸಿಕೊಟ್ಟಿತು. ಈಗ ಹೊಸ ಔಷಧಗಳ ಹುಡುಕಾಟ ಬಹುಮಟ್ಟಿಗೆ ಈ ಪ್ರೋಟೀನಿನ ಬೆನ್ನು ಹತ್ತಿದೆ. ತಮ್ಮ ಮನೆಯ ಕಾಯಿಲೆಯನ್ನು ಮುಚ್ಚಿಡದೆ ಹೇಳಿಕೊಂಡ ಆ ವಲಸೆಗಾರರಿಗೆ ಈ ಉಪಕಾರ ಸಲ್ಲಬೇಕು.

ಅರಬ್ ನಾಡಿನ ಅಧ್ಯಾಯ

ಮುಂದಿನ ಮಾತು ಅರ್ಥವಾಗಲು ಒಂದು ವಿಷಯ ತಿಳಿದಿರಬೇಕು. ನಮ್ಮ ಪ್ರತಿಯೊಂದು ವಂಶವಾಹಿಯೂ ಎರಡು ಪ್ರತಿ ಇರುತ್ತದೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಕೆಲವು ಕಾಯಿಲೆಗಳಿಗೆ ಒಂದು ಪ್ರತಿ ಕೆಟ್ಟರೂ ಸಾಕು. ಕಾಂತುರ್ಸಿಯದು ಅಂಥದ್ದು. ಇನ್ನು ಕೆಲವು ಕಾಯಿಲೆ ಬರಬೇಕಾದರೆ ಎರಡೂ ಪ್ರತಿ ಕೆಟ್ಟಿರಬೇಕು. ಒಂದು ಕೆಟ್ಟು ಒಂದು ಸರಿಯಿದ್ದವರು ಆರೋಗ್ಯವಾಗಿಯೇ ಇರುತ್ತಾರೆ, ತಮ್ಮಲ್ಲಿ ದೋಷವಿದೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ.

1998ರಲ್ಲಿ ಜಪಾನಿನವರು ಈ ಎರಡನೆಯ ಬಗೆಯ ಒಂದು ವಂಶವಾಹಿ ಕಂಡುಹಿಡಿದು ಪಾರ್ಕಿನ್ ಎಂದು ಹೆಸರಿಟ್ಟರು. ಇಪ್ಪತ್ತು ಮೂವತ್ತರ ವಯಸ್ಸಿಗೇ ಕಾಯಿಲೆ ಬಂದ ಎಷ್ಟೋ ರೋಗಿಗಳ ಮನೆಯಲ್ಲಿ ಅಪ್ಪ ಅಮ್ಮ ಸಂಬಂಧಿಗಳಾಗಿದ್ದರು. ಬಳಿಕ 2003ರಲ್ಲಿ ಡಿಜೆ1, 2004ರಲ್ಲಿ ಪಿಂಕ್1 ಎಂಬ ಇದೇ ಬಗೆಯ ಇನ್ನೆರಡು ಸಿಕ್ಕವು.

ಜೋರ್ಡಾನಿನ ಉತ್ತರದಲ್ಲಿ ಕುಫ್ರ್ ರಾಕಿಬ್ ಎಂಬ ಹಳ್ಳಿಯಿದೆ. ನಮ್ಮ ಜೊತೆ ಇಲ್ಲಿ ಕೆಲಸ ಮಾಡುವ ಜೋರ್ಡಾನಿ ಸಹೋದ್ಯೋಗಿಗಳನ್ನು ಕೇಳಿದರೆ ದಾರಿ ಹೇಳಿಯಾರು. ಆ ಹಳ್ಳಿಯ ಒಂದು ಮನೆಯಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರಿಗೆ ಹದಿಮೂರು ಹದಿನಾಲ್ಕರ ಆಸುಪಾಸಿನಲ್ಲೇ ಪಾರ್ಕಿನ್ಸನ್ ತರಹದ ಲಕ್ಷಣಗಳು ಬಂದವು. ತಂದೆ ತಾಯಿ ರಕ್ತಸಂಬಂಧಿಗಳು. 1994ರಲ್ಲಿ ಜೋರ್ಡಾನಿನ ಡಾಕ್ಟರುಗಳು ಇದನ್ನು ಊರಿನ ಹೆಸರಿನಿಂದಲೇ ಲೋಕಕ್ಕೆ ತಿಳಿಸಿದರು. 2006ರಲ್ಲಿ ಇದರ ವಂಶವಾಹಿಯೂ ಸಿಕ್ಕಿತು.

ಇನ್ನೊಂದು ದೊಡ್ಡ ಹೆಸರು ಎಲ್‌ಆರ್‌ಆರ್‌ಕೆ2. 2004ರಲ್ಲಿ ಕಂಡುಬಂದ ಈ ವಂಶವಾಹಿಯ ಪ್ರೋಟೀನಿಗೆ ಡಾರ್ಡರಿನ್ ಎಂದು ಹೆಸರಿಟ್ಟರು. ಸ್ಪೇನಿನ ಬಾಸ್ಕ್ ಜನರ ಭಾಷೆಯಲ್ಲಿ ದಾರ್ದಾರ ಎಂದರೆ ನಡುಕ. ಇದರ ಒಂದು ದೋಷ ಉತ್ತರ ಆಫ್ರಿಕಾದ ಅರಬ್ ರೋಗಿಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಯಲ್ಲಿದೆ ಎಂದು 2006ರಲ್ಲಿ ವರದಿಯಾಯಿತು. ಅದೇ ದೋಷವನ್ನು ಭಾರತದ ರೋಗಿಗಳಲ್ಲಿ ಹುಡುಕಿದಾಗ ಸಿಕ್ಕಿದ್ದು ತೀರಾ ಅಪರೂಪಕ್ಕೆ. ಒಂದು ಜನಾಂಗದ ವಂಶವಾಹಿ ಪಟ್ಟಿ ಇನ್ನೊಂದು ಜನಾಂಗಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ದೋಷವಿದ್ದವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. ಗೂಗಲ್ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸೆರ್ಗೈ ಬ್ರಿನ್ ತಮ್ಮ ತಾಯಿಗೆ ಪಾರ್ಕಿನ್ಸನ್ ಇದೆ, ತಮ್ಮಲ್ಲೂ ಎಲ್‌ಆರ್‌ಆರ್‌ಕೆ2ರ ಈ ದೋಷವಿದೆ ಎಂದು 2008ರಲ್ಲಿ ತಾವಾಗಿಯೇ ಬರೆದರು. ಆ ಬಳಿಕವೂ ದಶಕಕ್ಕೂ ಹೆಚ್ಚು ಕಾಲ ತಮ್ಮ ಕೆಲಸ ಮಾಡಿಕೊಂಡೇ ಇದ್ದಾರೆ.

ಬೆಂಗಳೂರು ಕೇಳಿದ ಪ್ರಶ್ನೆ

ಇನ್ನು ನಮ್ಮ ಊರಿನ ಕಡೆಗೆ ಬರೋಣ. ಬೆಂಗಳೂರಿನ ನಿಮ್ಹಾನ್ಸ್ ನಮ್ಮಲ್ಲಿ ಹಲವರಿಗೆ ಗೊತ್ತು. ಫಿಟ್ಸ್, ಪಾರ್ಶ್ವವಾಯು, ಮಾನಸಿಕ ಕಾಯಿಲೆ ಎಂದು ಕರಾವಳಿಯಿಂದ, ಬಯಲುಸೀಮೆಯಿಂದ ರಾತ್ರಿ ಬಸ್ಸು ಹಿಡಿದು ಹೋದವರು ಎಷ್ಟೋ ಮಂದಿ. 1974ರಲ್ಲಿ ಈಗಿನ ರೂಪ ಪಡೆದ ಈ ಸಂಸ್ಥೆಯಲ್ಲಿ ಡಾ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಬೆಂಗಳೂರು ನಗರ ಹಾಗೂ ಸುತ್ತಲ ಹಳ್ಳಿಗಳ 1,02,557 ಜನರನ್ನು ಒಳಗೊಂಡ ನರರೋಗ ಸಮೀಕ್ಷೆ ನಡೆಸಿದರು. 2004ರಲ್ಲಿ ಪ್ರಕಟವಾದ ಅದರ ಪ್ರಕಾರ ಪಾರ್ಕಿನ್ಸನ್ ಇದ್ದವರು ಲಕ್ಷಕ್ಕೆ 33. ಯುರೋಪಿನಲ್ಲಿ ಲಕ್ಷಕ್ಕೆ ನೂರಕ್ಕೂ ಮೇಲೆ.

ಇದಕ್ಕೆ ಪೂರಾ ಎದುರಾಗಿ ಮುಂಬಯಿಯ ಪಾರ್ಸಿ ಸಮುದಾಯ. ಅಲ್ಲಿನ 14,010 ಜನರನ್ನು ಮನೆಮನೆಗೆ ಹೋಗಿ ನೋಡಿದ ಬರೂಚಾ ಅವರ ತಂಡ 1988ರಲ್ಲಿ ವರದಿ ಮಾಡಿದ್ದು 46 ರೋಗಿಗಳನ್ನು. ಎಂದರೆ ಲಕ್ಷಕ್ಕೆ 328. ಪಾರ್ಸಿಗಳಲ್ಲಿ ವಯಸ್ಸಾದವರು ಹೆಚ್ಚು, ಆದ್ದರಿಂದ ಸಂಖ್ಯೆ ಏರುವುದು ಸಹಜ. ಆದರೂ ಒಂದೇ ದೇಶದೊಳಗೆ ಇಷ್ಟು ಅಂತರ ಏಕೆ? ರಕ್ತವೇ? ಊಟವೇ? ವಯಸ್ಸೊಂದೇ?

ನಿಮ್ಹಾನ್ಸ್‌ನಲ್ಲಿ ಡಾ. ಉದಯ ಮುಠಾಣೆ, ಡಾ. ಎಸ್.ಕೆ. ಶಂಕರ್ ಮೊದಲಾದವರು ಇನ್ನೊಂದು ದಾರಿ ಹಿಡಿದರು. ಕಾಯಿಲೆಯಿಲ್ಲದೆ ಬೇರೆ ಕಾರಣಗಳಿಂದ ತೀರಿಹೋದವರ ಮೆದುಳಿನಲ್ಲಿ ಆ ಕಪ್ಪು ಭಾಗದ ಕೋಶಗಳನ್ನು ಎಣಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಬ್ರಿಟನ್ನಿನವರಿಗೆ ಹೋಲಿಸಿದರೆ ನಮ್ಮವರಲ್ಲಿ ಈ ಕೋಶಗಳು ನೂರಕ್ಕೆ ಸುಮಾರು ನಲವತ್ತರಷ್ಟು ಕಡಿಮೆ. ಬಂಡವಾಳ ಕಡಿಮೆ ಇದ್ದವರು ಬೇಗ ದಿವಾಳಿಯಾಗಬೇಕು. ಆದರೆ ನಮ್ಮಲ್ಲಿ ಕಾಯಿಲೆಯೂ ಕಡಿಮೆ! ಇದಕ್ಕೊಂದು ಕಾರಣವೂ ಅದೇ ಎಣಿಕೆಯಲ್ಲಿ ಕಂಡಿತು. ವಯಸ್ಸಾದಂತೆ ನಮ್ಮವರ ಕೋಶಗಳು ಸವೆಯುವುದು ಕಾಣಲಿಲ್ಲ. ಇರುವುದು ಕಡಿಮೆಯಾದರೂ ಉಳಿಸಿಕೊಳ್ಳುತ್ತಾರೆ.

ಡಾ. ಮುಠಾಣೆಯವರ ತಂಡ ಮುಂದೆ ಬೆಂಗಳೂರಿನ ವೃದ್ಧಾಶ್ರಮಗಳಿಗೆ ಹೋಯಿತು. ಅಲ್ಲಿ ಆಂಗ್ಲೋ ಇಂಡಿಯನ್ ಹಿರಿಯರೂ ಇದ್ದರು, ಇತರ ಭಾರತೀಯರೂ ಇದ್ದರು. ಒಂದೇ ಊರು, ಒಂದೇ ನೀರು, ಹತ್ತಿರ ಹತ್ತಿರ ಒಂದೇ ಬಗೆಯ ಬದುಕು. ಆದರೆ ಆಂಗ್ಲೋ ಇಂಡಿಯನ್ನರಲ್ಲಿ ಕಾಯಿಲೆ ಇತರರಿಗಿಂತ ಕಡಿಮೆ ಎಂದು 2003ರಲ್ಲಿ ವರದಿಯಾಯಿತು. ಯುರೋಪಿನ ರಕ್ತ ಬೆರೆತರೆ ಕಾಯಿಲೆ ಹೆಚ್ಚಬೇಕು ಎಂದು ಎಣಿಸಿದವರಿಗೆ ಇದು ತಲೆಕೆಳಗಾದ ಉತ್ತರ. ಬೆರಕೆಯೇ ರಕ್ಷಣೆ ಕೊಡುತ್ತಿರಬಹುದೇ ಎಂಬ ಪ್ರಶ್ನೆಯನ್ನು ಬೆಂಗಳೂರು ಲೋಕದ ಮುಂದಿಟ್ಟಿತು. ಸಣ್ಣ ಗುಂಪಿನ ಅಧ್ಯಯನವಾದ್ದರಿಂದ ಇದನ್ನು ಕೊನೆಯ ಮಾತು ಎನ್ನುವಂತಿಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ.

ಈಚೆಗೆ ಬೆಂಗಳೂರಿನ ಡಾ. ಪ್ರಶಾಂತ್ ಕುಕ್ಕಳೆ ಮತ್ತು ದೇಶದ ಬೇರೆ ಬೇರೆ ಆಸ್ಪತ್ರೆಗಳ ತಜ್ಞರು ಸೇರಿ, ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬಂದ 668 ಭಾರತೀಯರ ವಿವರ ಒಟ್ಟುಮಾಡಿದ್ದಾರೆ. 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು ಪಾರ್ಕಿನ್ಸನ್ನಿಗೆ ಸಂಬಂಧಿಸಿದ 90 ಚಿಕ್ಕಪುಟ್ಟ ವಂಶವಾಹಿ ವ್ಯತ್ಯಾಸಗಳನ್ನು ಪಟ್ಟಿ ಮಾಡಿತ್ತು. ಅದರಲ್ಲಿದ್ದವರು ಯುರೋಪ್ ಮೂಲದವರು. ನಮ್ಮ ಪಟ್ಟಿಯನ್ನು ನಾವೇ ಬರೆಯಬೇಕು.

ಚಿಕ್ಕ ವಯಸ್ಸು ಮತ್ತು ಸಂಬಂಧದೊಳಗಿನ ಮದುವೆ

1999ರಲ್ಲಿ ಅವಳಿಗಳ ಇನ್ನೊಂದು ದೊಡ್ಡ ಅಧ್ಯಯನ ಅಮೆರಿಕದಲ್ಲಿ ಮುಗಿಯಿತು. ಎರಡನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ 19,842 ಅವಳಿ ಗಂಡಸರನ್ನು ಒಳಗೊಂಡದ್ದು. ಐವತ್ತು ದಾಟಿದ ಮೇಲೆ ಕಾಯಿಲೆ ಬಂದವರಲ್ಲಿ ವಂಶದ ಪ್ರಭಾವ ಹೆಚ್ಚೇನೂ ಕಾಣಲಿಲ್ಲ. ಐವತ್ತರ ಒಳಗೆ ಬಂದವರಲ್ಲಿ ಮಾತ್ರ ಒಂದೇ ಅಂಡದ ನಾಲ್ಕು ಜೋಡಿಗಳಲ್ಲಿ ನಾಲ್ಕರಲ್ಲೂ ಇಬ್ಬರಿಗೂ ಕಾಯಿಲೆ! ಹಿಂದಿನ ಎರಡು ವಾದಗಳೂ ತಮ್ಮ ತಮ್ಮ ಜಾಗದಲ್ಲಿ ಸರಿ ಎಂದಾಯಿತು. ಇಳಿವಯಸ್ಸಿಗೆ ಬಂದದ್ದರಲ್ಲಿ ವಂಶದ ಪಾಲು ಕಡಿಮೆ, ಚಿಕ್ಕ ವಯಸ್ಸಿಗೆ ಬಂದದ್ದರಲ್ಲಿ ಹೆಚ್ಚು.

ಈ ಚಿಕ್ಕ ವಯಸ್ಸಿನ ಕಾಯಿಲೆಗೆ ಎರಡೂ ಪ್ರತಿ ಕೆಡುವುದು ಒಂದು ಮುಖ್ಯ ಕಾರಣ ಎಂದೆನಲ್ಲ, ಅಲ್ಲಿ ನಮ್ಮ ಮದುವೆಯ ಪದ್ಧತಿಯ ಮಾತು ಬರುತ್ತದೆ. ಕರ್ನಾಟಕದ ಹಲವು ಕಡೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ತರುವುದು ತಲೆತಲಾಂತರದ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳ ಅಧ್ಯಯನ ನಡೆದಾಗ ಸುಮಾರು ಮೂರರಲ್ಲೊಂದು ಸಂಬಂಧದೊಳಗಿನ ಮದುವೆ. ಈ ಎಮಿರೇಟ್ಸ್‌ನಲ್ಲಿ ಡಾ. ಲಿಹಾಧ್ ಅಲ್ ಗಜಾಲಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಮದುವೆ ಸುಮಾರು ಅರ್ಧದಷ್ಟು. ಅರಬರಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಗಳನ್ನು ಮದುವೆಯಾಗುವುದುಂಟು, ನಮ್ಮ ಹಿಂದೂ ಮನೆಗಳಲ್ಲಿ ಆಕೆ ತಂಗಿಯ ಸಮಾನ. ಪದ್ಧತಿ ಬೇರೆ, ವಂಶವಾಹಿಯ ಲೆಕ್ಕ ಮಾತ್ರ ಒಂದೇ. ಅಜ್ಜನ ಒಂದು ಕೆಟ್ಟ ಪ್ರತಿ ಎರಡು ದಾರಿಯಿಂದ ಒಂದೇ ಮಗುವಿಗೆ ಬಂದು ಸೇರುವ ಸಾಧ್ಯತೆ ಹೆಚ್ಚುತ್ತದೆ.

ಸಂಬಂಧದಲ್ಲಿ ಮದುವೆಯಾದವರು ಹೆದರಬೇಕಿಲ್ಲ. ಅವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಆದರೆ ಮನೆಯಲ್ಲಿ ಯಾರಿಗಾದರೂ ನಲವತ್ತರೊಳಗೆ ಈ ಕಾಯಿಲೆ ಬಂದಿದ್ದರೆ, ಅದೇ ಕುಟುಂಬದೊಳಗೆ ಇನ್ನೊಂದು ಮದುವೆ ಕುದುರಿಸುವ ಮೊದಲು ವಂಶವಾಹಿ ತಜ್ಞರ ಸಲಹೆ ಕೇಳುವುದು ಜಾಣತನ. ಈ ದೇಶ ಆ ವಿಷಯದಲ್ಲಿ ಮುಂದೆ ಹೋಗಿದೆ. 2003ರಲ್ಲೇ ದುಬೈಯಲ್ಲಿ ಅರಬ್ ವಂಶವಾಹಿ ಅಧ್ಯಯನ ಕೇಂದ್ರ ಶುರುವಾಯಿತು. 2025ರ ಜನವರಿಯಿಂದ ಎಮಿರಾತಿ ಪ್ರಜೆಗಳು ಮದುವೆಗೆ ಮುನ್ನ ವಂಶವಾಹಿ ಪರೀಕ್ಷೆ ಮಾಡಿಸುವುದು ಕಡ್ಡಾಯ. 570 ವಂಶವಾಹಿಗಳನ್ನು ನೋಡುತ್ತಾರೆ. ಮಕ್ಕಳಿಗೆ ಬರುವ ಗಂಭೀರ ಕಾಯಿಲೆಗಳನ್ನು ತಡೆಯುವುದು ಅದರ ಉದ್ದೇಶ. ವಂಶದ ಮಾತನ್ನು ನಾಚಿಕೆಯಿಲ್ಲದೆ ಆಡಬಹುದು ಎಂಬುದನ್ನು ಇಲ್ಲಿನವರಿಂದ ನಾವು ಕಲಿಯಬಹುದು.

ಹಾಗಾದರೆ ನಮಗೆ ಬರುತ್ತದಾ?

ಇಷ್ಟು ಇತಿಹಾಸದ ಸಾರ ಇದು. ನೂರು ರೋಗಿಗಳಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಮಾತ್ರ ಒಂದೇ ವಂಶವಾಹಿಯ ದೋಷ ನೇರ ಕಾರಣ. ಉಳಿದವರಲ್ಲಿ ವಯಸ್ಸು, ಪರಿಸರ, ಹತ್ತಾರು ಚಿಕ್ಕ ವಂಶವಾಹಿ ವ್ಯತ್ಯಾಸಗಳು ಒಟ್ಟು ಸೇರಿ ಕೆಲಸ ಮಾಡುತ್ತವೆ. ಅಪ್ಪನಿಗೋ ಅಮ್ಮನಿಗೋ ಅರವತ್ತು ದಾಟಿದ ಮೇಲೆ ಕಾಯಿಲೆ ಬಂದಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು. ಕೇಳಲು ಹೆದರಿಕೆ. ಆದರೆ ಬೇರೆಯವರ ಸಾಧ್ಯತೆಯೇ ಜೀವಮಾನದಲ್ಲಿ ನೂರಕ್ಕೆ ಒಂದೋ ಎರಡೋ. ಅಂಥ ಮನೆಯ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಬರುವುದೇ ಇಲ್ಲ. ಇಷ್ಟಕ್ಕೆ ಒಂದು ಹುಡುಗಿಯ ಸಂಬಂಧ ತಪ್ಪಿಸುವುದು ನ್ಯಾಯವಲ್ಲ. ಕೇಳಿದವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಲು ಹೆದರಬೇಕಾಗಿಯೂ ಇಲ್ಲ.

ರಕ್ತವನ್ನು ದೂರುವ ಮೊದಲು ಮದ್ದಿನ ಡಬ್ಬಿ ತೆರೆದು ನೋಡಿ. ಇದು ನನ್ನ ವೃತ್ತಿಯ ಮಾತು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ಇವನ್ನು ವಯಸ್ಸಾದವರು ಬಹಳ ಕಾಲ ತೆಗೆದುಕೊಂಡರೆ ಪಾರ್ಕಿನ್ಸನ್ ತರಹದ್ದೇ ಲಕ್ಷಣ ಬರಬಹುದು. ಹಳೆಯ ಚೀಟಿಯಲ್ಲೇ ವರ್ಷಗಟ್ಟಲೆ ಮಾತ್ರೆ ತರಿಸುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ. ಇನ್ನು ಚಹಾದ ಲೋಟ ಹಿಡಿದಾಗ, ಸಹಿ ಹಾಕುವಾಗ ಮಾತ್ರ ಕೈ ನಡುಗುವುದು ಎಷ್ಟೋ ಮನೆತನಗಳಲ್ಲಿ ತಾತನಿಂದ ಮೊಮ್ಮಗನವರೆಗೆ ಬರುತ್ತದೆ. ಅದು ಹೆಚ್ಚಾಗಿ ಬೇರೆಯೇ ನಡುಕ, ಪಾರ್ಕಿನ್ಸನ್ ಅಲ್ಲ.

ವಿಸಿಟ್ ವೀಸಾದಲ್ಲಿ ಹಿರಿಯರನ್ನು ಕರೆಸಿಕೊಳ್ಳುವವರಿಗೆ ಒಂದೆರಡು ಮಾತು. ಪಾರ್ಕಿನ್ಸನ್ನಿಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಎಂದರೆ ಊರಿನಲ್ಲಿ ಪಾಸಿಟೇನ್ ಎಂದು ಸಿಗುವ ಮಾತ್ರೆ, ಇಲ್ಲಿ ನಿಯಂತ್ರಿತ ಔಷಧ. ತರುವ ಮೊದಲು ಸರ್ಕಾರದ ಅಧಿಕೃತ ತಾಣದಲ್ಲಿ ಆಗಿನ ನಿಯಮ ನೋಡಿ ಅನುಮತಿ ಪಡೆಯಿರಿ, ಡಾಕ್ಟರ ಚೀಟಿ ಜೊತೆಗಿರಲಿ. ಲೆವೊಡೋಪಾ ಮಾತ್ರೆಯನ್ನು ಸಮಯಕ್ಕೆ ಸರಿಯಾಗಿ, ಆಗುವುದಾದರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಮೀನು, ಮಾಂಸ, ಬೇಳೆಯ ಪ್ರೋಟೀನು ಮದ್ದಿನ ದಾರಿಗೆ ಅಡ್ಡ ಬರುತ್ತದೆ. ನಸುಗುನ್ನಿ ಪುಡಿಯನ್ನು ಮಾತ್ರೆಯ ಮೇಲೆ ನಿಮ್ಮಷ್ಟಕ್ಕೆ ಸೇರಿಸಬೇಡಿ. ಅದರಲ್ಲಿರುವುದೂ ಲೆವೊಡೋಪಾವೇ, ಅಳತೆ ತಪ್ಪಿದರೆ ತೊಂದರೆ.

ಕೊನೆಗೊಂದು ಕೋರಿಕೆ. ನೇಮ, ನಾಗಪೂಜೆ, ಹಬ್ಬ, ಮದುವೆ ಎಂದು ಊರಿಗೆ ಹೋದಾಗ ಕುಟುಂಬದ ಹಿರಿಯರೆಲ್ಲ ಒಂದು ಕಡೆ ಸೇರುತ್ತಾರೆ. ಒಂದು ನೋಟ್‌ಬುಕ್ ಹಿಡಿದು ಅವರ ಹತ್ತಿರ ಕುಳಿತುಕೊಳ್ಳಿ. ಯಾರ ಮಗ ಯಾರು, ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ಕಾಯಿಲೆ ಬಂತು, ಯಾರ ಮದುವೆ ಸಂಬಂಧದೊಳಗೆ ಆಯಿತು, ಬರೆದಿಡಿ. ಕಾಂತುರ್ಸಿಯ ಮನೆತನದ ವಂಶಾವಳಿಯಿಂದ ಲೋಕಕ್ಕೆ ಉಪಕಾರವಾಯಿತು. ನಮ್ಮ ವಂಶಾವಳಿ ಕಡೇಪಕ್ಷ ನಮ್ಮ ಮಕ್ಕಳ ಡಾಕ್ಟರಿಗಾದರೂ ಉಪಯೋಗಕ್ಕೆ ಬರುತ್ತದೆ. ಹೇಳುವ ಅಜ್ಜಿಯಂದಿರು ಇರುವಾಗಲೇ ಬರೆದುಕೊಳ್ಳಬೇಕು.